ಮೊಳೆಗೆ ತೂಗಿದ ಮಾಸ್ಕ್

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ, ಹತ್ತಿ ಹೆಚ್ಚಿದವು. ಬೆಳೆಯ ಬೆನ್ನಿಗೆ ಗಿರಣಿಗಳು ಬಂದವು. ಶಹಾಪುರದ ಸುತ್ತ ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ. ಯಾದಗಿರಿ ಕಡೆ ದಾಲ್ ಮಿಲ್ಲು, ಕಲ್ಲು ಕ್ರಷರ್. ಮೂರೂ ಊರಿನ ರಸ್ತೆಬದಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ. ಇಂಥ ಕಡೆ ದುಡಿಯುವವರ ಮೂಗು-ಬಾಯಿಗೆ ಹೆಚ್ಚಾಗಿ ಕಾಣುವ ರಕ್ಷಣೆ ಒಂದು ದಸ್ತಿ. ಮಾಸ್ಕ್ ಎಲ್ಲಾದರೂ ಇದ್ದರೆ ಗೋಡೆಯ ಮೊಳೆಯಲ್ಲಿರುತ್ತದೆ.

ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎಂದು ಸಾವಕಾರರು ಹೇಳುತ್ತಾರೆ. ಹಾಕಿಕೊಂಡರೆ ದಮ್ಮು ಹತ್ತತದ್ರಿ ಎಂದು ಕೆಲಸದವರು ಹೇಳುತ್ತಾರೆ. ನನಗೆ ಎರಡನೆಯ ಮಾತಿನಲ್ಲೇ ಹೆಚ್ಚು ಹುರುಳು ಕಾಣುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಾಡು ಇದು. ತಗಡಿನ ಶೆಡ್ಡಿನೊಳಗೆ ಮೂಟೆ ಹೊರುವವನಿಗೆ, ಅದೂ ಚೀಲದ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ, ಉಸಿರಾಟ ಬಿಗಿಯಾದರೆ ಕೆಲಸ ನಿಧಾನವಾಗುತ್ತದೆ. ವಾರದ ಬಟವಡೆಯಲ್ಲಿ ಅಷ್ಟು ಹಣ ಕಡಿಮೆಯಾಗುತ್ತದೆ. ಮಾಸ್ಕ್ ಪುಕ್ಕಟೆ ಸಿಕ್ಕರೂ ಅದನ್ನು ಧರಿಸುವ ಖರ್ಚು ಅವನ ತಲೆಗೇ ಬರುತ್ತದೆ. ಇದನ್ನು ಅಸಡ್ಡೆ ಎಂದು ಬೈದರೆ ಆಗುವುದೇನೂ ಇಲ್ಲ.

ಆದರೆ ದಸ್ತಿ ಮಾಡುವ ಕೆಲಸ ಎಷ್ಟು? ಕಣ್ಣಿಗೆ ಕಾಣುವ ದೂಳನ್ನು ಅದು ಒಂದಿಷ್ಟು ತಡೆಯುತ್ತದೆ. ಆ ದಪ್ಪ ದೂಳನ್ನು ಮೂಗೂ ತಡೆಯುತ್ತದೆ, ಕೆಮ್ಮು ಹೊರಹಾಕುತ್ತದೆ. ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುವುದು ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ದಸ್ತಿಯ ನೇಯ್ಗೆಯ ಕಿಂಡಿಗಳ ಮುಂದೆ ಈ ಕಣ ತೀರಾ ಸಣ್ಣದು, ಸಲೀಸಾಗಿ ಒಳಗೆ ಹೋಗುತ್ತದೆ. ಅದಕ್ಕಾಗಿಯೇ ಎನ್-95 ಅಥವಾ ಎಫ್‌ಎಫ್‌ಪಿ-2 ದರ್ಜೆಯ ಮಾಸ್ಕ್ ಬೇಕು. ಕೊಳ್ಳುವಾಗ ಐಎಸ್ 9473 ಗುರುತು ನೋಡಬೇಕು. ಎರಡು ಪಟ್ಟಿಯೂ ತಲೆಯ ಹಿಂದೆ ಬಿಗಿಯಾಗಿರಬೇಕು. ದಟ್ಟ ಗಡ್ಡದ ಮೇಲೆ ಅದು ಕೂರುವುದಿಲ್ಲ, ಬದಿಯಿಂದ ಗಾಳಿ ನುಗ್ಗುತ್ತದೆ. ಇನ್ನೊಂದು ಮಾತು: ಈ ಮಾಸ್ಕ್ ದೂಳಿಗಷ್ಟೇ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಂಥ ಕಡೆ ರಾಸಾಯನಿಕದ ನಡುವೆ ದುಡಿಯುವವರಿಗೆ ಆವಿ ಹೀರುವ ಕಾರ್ಟ್ರಿಜ್ ಇರುವ ಬೇರೆಯದೇ ಸಾಧನ ಬೇಕು. ದೂಳಿನ ಮಾಸ್ಕ್ ನಂಬಿ ಟ್ಯಾಂಕಿಗೆ ಇಳಿದವರು ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತಾರೆ.

ದೂಳೆಲ್ಲ ಒಂದೇ ಅಲ್ಲ. ಜಿನ್ನಿಂಗ್ ಮಿಲ್ಲಿನ ಗಾಳಿಯಲ್ಲಿ ಎಳೆಯ ಜೊತೆಗೆ ಒಣ ಎಲೆಯ ಪುಡಿ, ಅದರ ಮೇಲಿನ ಬ್ಯಾಕ್ಟೀರಿಯಾದ ವಿಷಾಂಶ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಬಿಸಿನೋಸಿಸ್ ಎಂಬ ಕಾಯಿಲೆ ಬರಬಹುದು. ಇದರ ಲಕ್ಷಣ ವಿಚಿತ್ರ: ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ದಿನ ಕಳೆದಂತೆ ಸಡಿಲಾಗುತ್ತದೆ. ಭಾನುವಾರ ರಜೆಯಿರುವ ನಾಡುಗಳಲ್ಲಿ ಇದನ್ನು ಸೋಮವಾರದ ಕಾಯಿಲೆ ಎಂದು ಗುರುತಿಸಿದರು. ನಮ್ಮಲ್ಲಿ ಸಂತೆಯ ದಿನ ರಜೆಯಾದರೆ ಅದರ ಮರುದಿನದ ಎದೆಬಿಗಿತವನ್ನು ಗಮನಿಸಬೇಕು. ಕ್ರಷರ್ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಉರಿದ ಹೊಟ್ಟಿನ ಬೂದಿಯ ಬಹುಪಾಲೂ ಸಿಲಿಕಾವೇ. ಕಲ್ಲಿನ ಸಿಲಿಕಾ ಶ್ವಾಸಕೋಶದಲ್ಲಿ ಎಬ್ಬಿಸಿದ ಗಾಯದ ಗಂಟುಗಳನ್ನು ಮಾಯಿಸುವ ಔಷಧಿ ಇಲ್ಲ.

ಹಾಗಾಗಿ ಮಾಸ್ಕ್‌ನಿಂದ ಲೆಕ್ಕ ಶುರುಮಾಡುವುದೇ ತಪ್ಪು. ಕ್ರಷರ್ ಬಾಯಿಗೆ ನೀರು ಚಿಮುಕಿಸುವುದು, ಬೆಲ್ಟಿಗೆ ಮುಚ್ಚಿಗೆ ಹಾಕುವುದು, ದೂಳೆಳೆಯುವ ಫ್ಯಾನು ಕೂರಿಸುವುದು, ನೆಲ ಗುಡಿಸುವ ಮೊದಲು ನೀರು ಹೊಡೆಯುವುದು ಮೊದಲಾಗಬೇಕು. ಅಷ್ಟೆಲ್ಲ ಮಾಡಿದ ಮೇಲೂ ಉಳಿಯುವ ದೂಳಿಗೆ ಮಾಸ್ಕ್. ಮಾಲೀಕರಿಗೆ ಈ ಕ್ರಮ ತಿರುಗುಮುರುಗಾಗಿದ್ದರೇ ಅನುಕೂಲ: ಫ್ಯಾನಿಗಿಂತ ಮಾಸ್ಕ್ ಅಗ್ಗ, ಹಾಕಿಕೊಳ್ಳದಿದ್ದರೆ ತಪ್ಪು ಕೆಲಸದವನದು.

ವೆಲ್ಡಿಂಗ್ ಅಂಗಡಿಯ ಕಥೆ ಬೇರೆ. ಅಲ್ಲಿ ಮೊದಲು ಏಟು ತಿನ್ನುವುದು ಕಣ್ಣು. ಆರ್ಕ್ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಆದರೆ ಆಗಲೇ ಗೊತ್ತಾಗುವುದಿಲ್ಲ. 6ರಿಂದ 12 ಗಂಟೆ ಕಳೆದು, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಬಿದ್ದಂತೆ ಉರಿ ಏಳುತ್ತದೆ. ಬೆಸೆಯುವ ಮಿಸ್ತ್ರಿಗೆ ಪರದೆ ಇದ್ದರೂ ಕಬ್ಬಿಣ ಹಿಡಿದು ನಿಲ್ಲುವ ಹುಡುಗನಿಗೆ ಇರುವುದಿಲ್ಲ. ರಾತ್ರಿ ನಿದ್ದೆಗೆಡುವವನು ಹೆಚ್ಚಾಗಿ ಅವನೇ. ಸಂತೆಯ ಕರಿ ಕನ್ನಡಕ ಸಾಲದು. ಆರ್ಕ್ ವೆಲ್ಡಿಂಗಿಗೆ ಸಾಮಾನ್ಯವಾಗಿ 10ರಿಂದ 12ನೇ ಶೇಡಿನ ಗಾಜು ಬೇಕು, ಅದೂ ಇಬ್ಬರಿಗೂ.

ರಕ್ಷಣೆಯ ವಸ್ತುವೇ ಅಪಾಯ ತರುವ ಜಾಗಗಳೂ ಇವೆ. ತಿರುಗುವ ಡ್ರಿಲ್ಲಿನ ಮುಂದೆ ಕೈಗವಸು ಹಾಕಬಾರದು, ಗವಸು ಸಿಕ್ಕಿಕೊಂಡರೆ ಬೆರಳೂ ಹೋಗುತ್ತದೆ. ಜಿನ್ನಿಂಗ್ ಬೆಲ್ಟಿನ ಹತ್ತಿರ ಕೊರಳಲ್ಲಿ ಇಳಿಬಿದ್ದ ದಸ್ತಿ, ಸಡಿಲ ಸೆರಗು ಇದೇ ಬಗೆಯವು. ಓಡುವ ಯಂತ್ರಕ್ಕೆ ಕೈ ಹಾಕುವವನಿಗೆ ಮೈಗಂಟಿದ ಬಟ್ಟೆಯನ್ನು ಮಾಲೀಕನೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು ಹೇಳಿತ್ತು. ಶಬ್ದದ ವಿಷಯ ಚಿಕ್ಕದು: ತೋಳಳತೆಯಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾದರೆ ಕಿವಿಗೆ ಪ್ಲಗ್ ಬೇಕು.

ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಆ ಕಾಯ್ದೆ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆ ಎನ್ನಲು 20 ಜನ ಬೇಕೆನ್ನುತ್ತದೆ. 10 ಜನರಿರುವ ಉದ್ಯಮಕ್ಕೂ ಮಾಲೀಕನ ಸಾಮಾನ್ಯ ಹೊಣೆ ತಪ್ಪುವುದಿಲ್ಲ. ಸುರಕ್ಷತೆಗೆ ಕೊಟ್ಟ ವಸ್ತುವಿನ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ನಾಲ್ಕು ಜನರ ವೆಲ್ಡಿಂಗ್ ಅಂಗಡಿ ಮಾತ್ರ ಹೊರಗೇ ಉಳಿಯಿತು. ಈ ಎಣಿಕೆ ನನಗೆ ಒಪ್ಪಿಗೆಯಾಗದು, ಏಕೆಂದರೆ ಈ ಮೂರು ಊರುಗಳ ದುಡಿಮೆ ಬಹಳಷ್ಟು ಇಂಥ ಸಣ್ಣ ಜಾಗಗಳಲ್ಲೇ ಇದೆ.

ಸಿಲಿಕೋಸಿಸ್, ಬಿಸಿನೋಸಿಸ್ ಎರಡೂ 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದ್ದವು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಪರಿಹಾರ ಸಿಗಬೇಕಾದರೆ ಆ ಕಾಯಿಲೆ ತರುವ ಕೆಲಸದಲ್ಲಿ ದುಡಿದದ್ದನ್ನು ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹಂಗಾಮಿನ ಕೂಲಿಗೆ ಇದು ಕಷ್ಟ. ಮೇಲಾಗಿ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣುವುದುಂಟು, ಅದಿದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ತಾಲ್ಲೂಕು ಆಸ್ಪತ್ರೆಗೆ ಕೆಮ್ಮು ತೋರಿಸಲು ಹೋದಾಗ ಕ್ರಷರಿನಲ್ಲಿ ಎಷ್ಟು ವರ್ಷ, ಜಿನ್ನಿಂಗ್ ಮಿಲ್ಲಿನಲ್ಲಿ ಎಷ್ಟು ಹಂಗಾಮು ದುಡಿದಿರಿ ಎಂಬುದನ್ನು ಡಾಕ್ಟರ್ ಕೇಳದಿದ್ದರೂ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ, ಬಟವಡೆಯ ಕಾಗದ, ಇಎಸ್‌ಐ ಕಾರ್ಡ್ ಇದ್ದರೆ ಅದೂ ಮನೆಯಲ್ಲಿ ಒಂದೇ ಕಡೆ ಇರಲಿ.