ರಜೆಗೆ ಬಂದ ಮಕ್ಕಳು, ನಾವು ತೋಡಿದ ಹೊಂಡ



ಕಳೆದ ವಾರ್ಷಿಕ ಮಹಾಸಭೆ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ತಮ್ಮ ಬೇಸರವನ್ನು ನಮ್ಮೊಡನೆ ತೋಡಿಕೊಂಡರು. “ಎರಡು ವರ್ಷದಿಂದ ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಿಲ್ಲ ಮಾರಾಯ್ರೇ. ಹಾವು, ಉಣುಗು, ಆನೆ ಅಂತ ಸೊಸೆಗೆ ಭಯ. ಮಣ್ಣು ಮುಟ್ಟದ ಮಕ್ಕಳಿಗೆ ನಾಳೆ ಈ ತೋಟ ಬೇಕಾಗುತ್ತದೆಯೇ?” ಎಂದು ಕೇಳಿದರು. ಆಗ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಮೊಮ್ಮಕ್ಕಳಿಬ್ಬರು ಬಂದು ನಲವತ್ತು ದಿನ ಇದ್ದು ಹೋದರು. ಆ ದಿನಗಳ ಅನುಭವವೇ ಅವರಿಗೆ ನಾವು ಕೊಡಬಹುದಾದ ಉತ್ತರವೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇವೆ. ಧಾರಣೆ, ಗೊಬ್ಬರಗಳ ಮಾತು ಈ ಬಾರಿ ಇಲ್ಲ, ಸದಸ್ಯರು ಮನ್ನಿಸಬೇಕು.

ಮಳೆ ಪುಸ್ತಕ

ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ಆರು. ಬೆಂಗಳೂರಿನಲ್ಲಿ ನಾಲ್ಕನೆಯ ಮಹಡಿಯಲ್ಲಿ ಬೆಳೆಯುತ್ತಿರುವ ಮಕ್ಕಳು. ಬಂದ ಮೊದಲ ಮೂರು ದಿನ ಇಬ್ಬರೂ ಜಗಲಿಯ ಮೂಲೆಯಲ್ಲಿ ಮೊಬೈಲಿಗೆ ಸಿಗ್ನಲ್ ಹುಡುಕುವುದರಲ್ಲೇ ಕಳೆದರು. ನಾಲ್ಕನೆಯ ದಿನ ಸಂಜೆ ಗುಡುಗು ಸಿಡಿಲಿನೊಂದಿಗೆ ಮಳೆ ಸುರಿಯಿತು. ಕರೆಂಟು ಹೋಯಿತು, ಅದರೊಂದಿಗೆ ಸಿಗ್ನಲ್ಲೂ ಹೋಯಿತು. ಹೂಮಳೆಗಾಗಿ ಆಕಾಶ ನೋಡುತ್ತಿದ್ದ ನಮಗಂತೂ ಎರಡು ರೀತಿಯಲ್ಲಿ ಸಂತೋಷವಾಯಿತು.

ಮರುದಿನ ಬೆಳಗ್ಗೆ ಅಂಗಳದ ಮಳೆಮಾಪಕದ ಬಳಿಗೆ ಇಬ್ಬರನ್ನೂ ಕರೆದೊಯ್ದೆವು. ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮೊಮ್ಮಗಳು ಓದಿದಳು: ಒಂದು ಇಂಚು ಹನ್ನೆರಡು ಸೆಂಟ್ಸ್. ನಮ್ಮ ತಂದೆಯವರ ಕಾಲದಿಂದ ಬರೆದುಕೊಂಡು ಬಂದಿರುವ ಮಳೆ ಪುಸ್ತಕದಲ್ಲಿ ಆ ಅಂಕಿಯನ್ನು ಅವಳ ಕೈಯಿಂದಲೇ ಬರೆಸಿದೆವು. “ಇಷ್ಟೇ ಇಷ್ಟು ನೀರಿಗೆ ಯಾಕೆ ಅಜ್ಜಯ್ಯ ಇಷ್ಟು ಖುಷಿ?” ಎಂದು ಕೇಳಿದಳು. ಕಾಗದ ಪೆನ್ಸಿಲ್ ಕೊಟ್ಟು ಲೆಕ್ಕ ಮಾಡಿಸಿದೆವು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1,02,800 ಲೀಟರ್ ನೀರು. ಅಷ್ಟು ನೀರನ್ನು ಪಂಪಿನಿಂದ ಎತ್ತಿ ಸ್ಪ್ರಿಂಕ್ಲರಿನಲ್ಲಿ ಹೊಡೆಯಲು ಎಷ್ಟು ಹೊತ್ತು, ಎಷ್ಟು ಡೀಸೆಲ್ ಬೇಕೆಂದು ತಿಳಿದಾಗ ಅವಳ ಕಣ್ಣು ಅರಳಿತು. ಅಂದಿನಿಂದ ರಜೆ ಮುಗಿಯುವವರೆಗೂ ಮಳೆ ಪುಸ್ತಕದ ಜವಾಬ್ದಾರಿ ಅವಳದಾಯಿತು.

ಮಳೆ ಬಿದ್ದ ಎಂಟು ದಿನಕ್ಕೆ ರೊಬಸ್ಟಾ ತೋಟ ಬೆಳ್ಳಗೆ ಅರಳಿ ನಿಂತಿತು. ಆ ಪರಿಮಳವನ್ನು ನಮ್ಮ ಸದಸ್ಯರಿಗೆ ವರ್ಣಿಸುವ ಅಗತ್ಯವಿಲ್ಲ. ಆದರೆ ಬೆಳಗಿನ ಹೊತ್ತು ಮಕ್ಕಳೊಂದಿಗೆ ಗಿಡದ ಕೆಳಗೆ ಸುಮ್ಮನೆ ಕುಳಿತು ಜೇನಿನ ಝೇಂಕಾರ ಕೇಳಿ ಎಷ್ಟು ವರ್ಷವಾಗಿತ್ತೋ! ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಬೇರೆಬೇರೆಯಾಗಿ ಗುರುತಿಸಲು ಹುಡುಗ ಒಂದೇ ದಿನದಲ್ಲಿ ಕಲಿತ. ಅರೇಬಿಕಾ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಈ ಹುಳುಗಳು ಎಂದು ಹೇಳಿದೆವು. “ಹಾಗಾದರೆ ಜೇನಿಗೆ ನೀವು ಎಷ್ಟು ಸಂಬಳ ಕೊಡುತ್ತೀರಿ?” ಎಂದು ಕೇಳಿದ. ಹೂವಿನ ಕಾಲದಲ್ಲಿ ಔಷಧಿ ಹೊಡೆಯದೇ ಇರುವುದೇ ಅವಕ್ಕೆ ನಾವು ಕೊಡುವ ಸಂಬಳ ಎಂದೆವು.

ಹಾಳೆಬಂಡಿ ಮತ್ತು ಹಾರುವ ಓತಿ

ಆಮೇಲೆ ಮಕ್ಕಳನ್ನು ಮನೆಯೊಳಗೆ ಹಿಡಿಯುವುದೇ ಕಷ್ಟವಾಯಿತು. ಬಿದ್ದ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಕ್ಕ ಎಳೆಯುವುದು, ಹಪ್ಪಳ ಒಣಗಿಸಿದ ಚಾಪೆಗೆ ಕಾವಲು ಕೂತು ಅರ್ಧ ಹಪ್ಪಳ ತಾವೇ ತಿಂದು ಮುಗಿಸುವುದು, ಕಾಡುಮಾವಿನ ಹಣ್ಣು ಹೆಕ್ಕುವುದು, ಮಧ್ಯಾಹ್ನ ಪುನರ್ಪುಳಿ ಶರಬತ್ತು. ದಿನವಿಡೀ ಕೂಗುವ ಕುಟ್ರಹಕ್ಕಿಗೆ ಮಕ್ಕಳೂ ಕೂಗಿ ಉತ್ತರ ಕೊಡುವರು. ನಮ್ಮ ಮನೆಯಾಕೆಗೆ ಬಿಡುವೇ ಇಲ್ಲ, ಆದರೂ ಮುಖದಲ್ಲಿ ಹತ್ತು ವರ್ಷ ಕಡಿಮೆಯಾದಂತಿತ್ತು.

ಲೈನಿನಲ್ಲಿರುವ ರಾಯಚೂರು ಕಡೆಯ ಕುಟುಂಬದ ಹುಡುಗನೊಬ್ಬ ಇವರಿಗೆ ಜೊತೆಯಾದ. ಹನ್ನೊಂದು ವರ್ಷದವನು, ಚುರುಕು ಕಣ್ಣಿನವನು. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡಿದ್ದ ಹಾರುವ ಓತಿಯನ್ನು ಮೊದಲು ಕಂಡವನು ಅವನೇ. ತೊಗಟೆಯದೇ ಬಣ್ಣ, ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮಡಿಸದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ಪಕ್ಕೆಯ ಪೊರೆ ಬಿಡಿಸಿ ಮುಂದಿನ ಸಾಲಿನ ಮರಕ್ಕೆ ತೇಲಿತು. ಮೂಡಿಗೆರೆಯ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೊ’ ಕಾದಂಬರಿ ಬರೆದದ್ದು ಇಂತಹುದೇ ಓತಿಯ ಬೆನ್ನು ಹತ್ತಿ ಎಂದು ಹೇಳಿದಾಗ, ಪುಸ್ತಕದಲ್ಲಿರುವ ಪ್ರಾಣಿ ಅಜ್ಜಯ್ಯನ ತೋಟದಲ್ಲೂ ಇದೆಯೆಂದು ಮೊಮ್ಮಗಳಿಗೆ ಹೆಮ್ಮೆ. ಮರದ ಮೇಲೆಯೇ ಇರುವೆ ತಿಂದು ಬದುಕುವ ಈ ಓತಿಯ ಹೆಣ್ಣು, ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿದು ಮಣ್ಣು ಕೆದಕುತ್ತದೆ. ಅದಕ್ಕೇ ಮಣ್ಣಿಗೆ ಸಿಕ್ಕಿದ್ದನ್ನೆಲ್ಲ ಸುರಿಯಬಾರದು ಎಂಬ ಮಾತನ್ನು ಮಕ್ಕಳಿಗೆ ಹೇಳುತ್ತ ನಮಗೂ ಹೇಳಿಕೊಂಡೆವು.

ಭಯಕ್ಕೆ ಕಾರಣವಿಲ್ಲದಿಲ್ಲ

ನಮ್ಮ ಸದಸ್ಯರ ಸೊಸೆಯ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಉಣುಗಿನಿಂದ ಬರುವ ಈ ರೋಗ ಬೇಸಿಗೆಯಲ್ಲೇ ಹೆಚ್ಚು. ಹಾಗೆಂದು ಮನೆಯೊಳಗೆ ಕೂಡಿ ಹಾಕದೆ ನಾವು ಕೆಲವು ಕಟ್ಟುಪಾಡು ಮಾಡಿದೆವು. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು, ಬೂಟು ಇಲ್ಲದೆ ತೋಟಕ್ಕಿಳಿಯುವಂತಿಲ್ಲ. ಕಾಡಂಚಿಗೆ ಹೋಗುವಂತಿಲ್ಲ. ಬಂದೊಡನೆ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳಲ್ಲಿ ಉಣುಗಿದೆಯೇ ಎಂದು ಅಜ್ಜಿಯ ತಪಾಸಣೆ. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು. ದೊಡ್ಡವರು ಆರೋಗ್ಯ ಇಲಾಖೆಗೆ ತಿಳಿಸಬೇಕು. ತರಗೆಲೆಯ ರಾಶಿಗೆ, ಕಲ್ಲಿನ ಸಂದಿಗೆ ಕೈ ಹಾಕಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ಇದನ್ನೆಲ್ಲ ಮಕ್ಕಳು ಪಾಠದಂತೆ ಒಪ್ಪಿಸುತ್ತಿದ್ದರು. ನಲವತ್ತು ದಿನದಲ್ಲಿ ಹಾವು ಕಂಡದ್ದು ಎರಡು ಸಲ. ಎರಡು ಸಲವೂ ಮಕ್ಕಳು ನಿಂತರು, ಹಾವು ಹೋಯಿತು.

ಕಾಡಿನ ಅಪಾಯಗಳಿಗೆಲ್ಲ ಹೀಗೆ ಕಟ್ಟುಪಾಡು ಮಾಡಿದ ನಾವು, ನಾವೇ ತಂದಿಟ್ಟ ಅಪಾಯವನ್ನು ಮರೆತಿದ್ದೆವು.

ಆ ಮಧ್ಯಾಹ್ನ

ಐದಾರು ವರ್ಷದ ಹಿಂದೆ ಅಡಿಕೆಗೆ ಬೇಸಿಗೆ ನೀರಿಗೆಂದು ಮನೆಯ ಕೆಳಗೆ ಕೃಷಿ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಮೂವತ್ತು ಅಡಿ ಅಗಲ, ಹತ್ತು ಅಡಿ ಆಳ. ಮೇ ಮೂರನೆಯ ವಾರ, ಊಟ ಮುಗಿಸಿ ನಾವು ಜಗಲಿಯಲ್ಲಿ ಅಡ್ಡಾಗಿದ್ದೆವು. ಹುಡುಗ ಅಡಿಕೆ ಹಾಳೆಯ ದೋಣಿ ಮಾಡಿಕೊಂಡು ಹೊಂಡದಲ್ಲಿ ಬಿಡಲು ಹೋದ. ದೋಣಿ ದೂರ ಸರಿಯಿತೆಂದು ಒಂದು ಹೆಜ್ಜೆ ಕೆಳಗಿಟ್ಟ. ಅಷ್ಟೇ.

ಅಕ್ಕನ ಕೂಗು ಕೇಳಿ ಬರಿಗಾಲಲ್ಲಿ ಓಡಿದೆವು. ನಾವು ಮುಟ್ಟುವ ಹೊತ್ತಿಗೆ, ಹತ್ತಿರದಲ್ಲೇ ದೋಟಿಯಿಂದ ಮಾವಿನಕಾಯಿ ಉದುರಿಸುತ್ತಿದ್ದ ಲೈನಿನ ಹುಡುಗ ಏರಿಯ ಮೇಲೆ ಹೊಟ್ಟೆ ಮಲಗಿಸಿ ದೋಟಿಯನ್ನು ನೀರಿಗೆ ಚಾಚಿದ್ದ; ಅದರ ತುದಿ ನಮ್ಮ ಮೊಮ್ಮಗನ ಕೈಯಲ್ಲಿತ್ತು. ಧುಮುಕಲು ಹೊರಟ ನಮ್ಮನ್ನು ನೋಡಿ ಅವನು ಕೂಗಿದ: “ಇಳೀಬ್ಯಾಡ್ರಿ ಸಾವ್ಕಾರ್ರ, ಮ್ಯಾಲೆ ಬರಾಕ ಆಗಂಗಿಲ್ಲ!” ಇಬ್ಬರೂ ಸೇರಿ ದೋಟಿಯನ್ನು ಎಳೆದೆವು. ಹುಡುಗ ಮೇಲೆ ಬಂದ. ನೀರು ಕುಡಿದಿದ್ದ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡು ನೋಡಿ, ತೊಂದರೆಯಿಲ್ಲವೆಂದು ಕಳುಹಿಸಿದರು. ಆ ರಾತ್ರಿ ಮಗಳಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದು ನಮ್ಮ ಆಯುಷ್ಯದ ಅತಿ ಕಠಿಣ ಕೆಲಸ.

ಮರುದಿನ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಮೇಲೆ ಇಬ್ಬರು ಆಳುಗಳನ್ನು ನಿಲ್ಲಿಸಿ ನಾವೇ ಹೊಂಡಕ್ಕಿಳಿದು ನೋಡಿದೆವು. ಹಳೆಯ ಮಣ್ಣಿನ ಕೆರೆಯಲ್ಲಿ ಕಾಲಿಗೆ ನೆಲ, ಕೈಗೆ ಬೇರು ಸಿಗುತ್ತದೆ. ಇಲ್ಲಿ ಪಾಚಿ ಹಿಡಿದ ಪ್ಲಾಸ್ಟಿಕ್ಕು. ಕೈಗೆ ಏನೂ ಸಿಗದು, ಕಾಲು ನಿಲ್ಲದು. ಈಜು ಬಲ್ಲ ನಾವು ನಾಲ್ಕು ಬಾರಿ ಪ್ರಯತ್ನಿಸಿ ನಾಲ್ಕು ಬಾರಿಯೂ ಜಾರಿದೆವು. ಕೊನೆಗೆ ಹಗ್ಗ ಹಿಡಿದೇ ಬರಬೇಕಾಯಿತು. ಊರಿನಲ್ಲಿ ಇಂತಹ ಹೊಂಡಕ್ಕೆ ಮೇಕೆ ಬಿದ್ದು ಸತ್ತದ್ದನ್ನು ಕಂಡಿದ್ದ ಆ ಹುಡುಗನಿಗೆ ತಿಳಿದದ್ದು, ಪದವೀಧರರಾದ ನಮಗೆ ತಿಳಿದಿರಲಿಲ್ಲ.

ತಿಳಿದಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊಂಡಕ್ಕೆ ಬೇಲಿ ಹಾಕಿಸಿರೆಂದು ಸದಸ್ಯರಿಗೆ ಸುತ್ತೋಲೆ ಕಳುಹಿಸಿದವರು ನಾವೇ. ಅದಕ್ಕೆಂದು ತರಿಸಿದ ತಂತಿಬಲೆಯ ಸುರುಳಿ ಎರಡು ವರ್ಷದಿಂದ ನಮ್ಮ ಗೋದಾಮಿನಲ್ಲಿ ಬಿದ್ದಿತ್ತು. ಕೊಯ್ಲು ಮುಗಿಯಲಿ, ಆಳು ಸಿಗಲಿ ಎಂದು ಮುಂದೂಡಿದ್ದೆವು.

ಆದದ್ದು, ಆಗಬೇಕಾದದ್ದು

ಅದೇ ವಾರ ಐದು ಅಡಿ ಎತ್ತರದ ಬೇಲಿ, ಬೀಗವಿರುವ ಗೇಟು ಆಯಿತು. ನಾಲ್ಕೂ ದಿಕ್ಕಿನಲ್ಲಿ ಗೂಟಕ್ಕೆ ಕಟ್ಟಿದ, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಟ್ಟೆವು. ಹಳೆಯ ಟೈರುಗಳನ್ನು ಸರಪಳಿಯಂತೆ ಕಟ್ಟಿ ಒಂದು ಕಡೆ ಮೆಟ್ಟಿಲು ಮಾಡಿದೆವು. ಮುಚ್ಚಳ ಬಿಗಿದ ಎರಡು ಖಾಲಿ ಕ್ಯಾನುಗಳಿಗೆ ಹಗ್ಗ ಕಟ್ಟಿ ಬೇಲಿಯ ಮೇಲೆ ತೂಗುಹಾಕಿದ್ದೇವೆ. ಬಿದ್ದವರನ್ನು ಕಂಡವರು ಧುಮುಕಬಾರದು, ಇದನ್ನು ಎಸೆಯಬೇಕು ಎಂದು ಲೈನಿನವರಿಗೆಲ್ಲ ಹೇಳಿದ್ದೇವೆ. ಲೈನಿನ ಮಕ್ಕಳು ನಮ್ಮ ಮೊಮ್ಮಕ್ಕಳಂತೆ ರಜೆ ಮುಗಿಸಿ ಹೋಗುವವರಲ್ಲ. ಆ ಹೊಂಡದ ಪಕ್ಕದಲ್ಲೇ ವರ್ಷವಿಡೀ ಇರುವವರು.

ಆ ಮೇಲೆ ತೋಟವನ್ನು ಆರು ವರ್ಷದ ಮಗುವಿನ ಕಣ್ಣಿನಿಂದ ಒಮ್ಮೆ ಸುತ್ತಿದೆವು. ತಂಪುಪಾನೀಯದ ಬಾಟಲಿಯಲ್ಲಿ ಉಳಿಸಿಟ್ಟ ಕಳೆನಾಶಕ, ಬೀಗವಿಲ್ಲದ ಕೋಣೆಯಲ್ಲಿ ಮೈಲುತುತ್ತದ ಚೀಲ, ಪಂಪ್‌ಶೆಡ್ಡಿನಲ್ಲಿ ಸಿಪ್ಪೆ ಸುಲಿದ ವೈರು, ವಿದ್ಯುತ್ ತಂತಿಯ ಕೆಳಗೇ ಒರಗಿಸಿಟ್ಟ ಅಲ್ಯೂಮಿನಿಯಂ ದೋಟಿ. ಪಟ್ಟಿ ಮಾಡಿದರೆ ಹನ್ನೊಂದು ಬಂತು. ಹನ್ನೊಂದರಲ್ಲಿ ಒಂದನ್ನೂ ಕಾಡು ತಂದಿಟ್ಟಿರಲಿಲ್ಲ.

ಘಟನೆಯ ಮರುದಿನವೇ ಮಗಳು ಬಂದಳು. ಮಕ್ಕಳನ್ನು ಕರೆದೊಯ್ಯುತ್ತಾಳೆಂದೇ ನಾವು ತಿಳಿದಿದ್ದೆವು. ಹೊಂಡದ ಬಳಿ ಬಹಳ ಹೊತ್ತು ನಿಂತಳು. ಅಳತೆ ಹಿಡಿದು ಬೇಲಿಯ ಗೂಟ ನೆಡುತ್ತಿದ್ದವರನ್ನು ನೋಡಿದಳು. ಆಮೇಲೆ, “ರಜೆ ಮುಗಿಯುವವರೆಗೆ ನಾನೂ ಇರುತ್ತೇನೆ ಅಪ್ಪಯ್ಯ” ಎಂದಳು. ಕೊನೆಯ ವಾರ ಬೋರ್ಡೋ ದ್ರಾವಣ ಕೂಡಿಸುವಾಗ ಎರಡೂ ಮಕ್ಕಳು ದೂರದಲ್ಲಿ ನಿಂತು, ನಾವು ಅದ್ದಿ ತೆಗೆದ ಕತ್ತಿಯ ಮೇಲೆ ಕೆಂಪು ಬಣ್ಣ ಬಂದಿದೆಯೇ ಎಂದು ಪರೀಕ್ಷಕರಂತೆ ನೋಡಿದರು. ಮೊದಲ ಸಲ ಬಂತು. ಸುಣ್ಣ ಸಾಲದು ಎಂದು ಅವರೇ ತೀರ್ಪು ಕೊಟ್ಟರು.

ಅವರು ಊರಿಗೆ ಹೊರಟ ಮೇಲೆ ಮಳೆ ಪುಸ್ತಕ ತೆರೆದೆವು. ಆ ದಿನದ ಸಾಲಿನಲ್ಲಿ ಮೊಮ್ಮಗಳು ಬರೆದಿದ್ದಳು: “ಮಳೆ ಇಲ್ಲ. ತಮ್ಮ ಹೊಂಡಕ್ಕೆ ಬಿದ್ದ. ಮೇಲೆ ಬಂದ.” ಅದನ್ನು ಅಳಿಸಲಿಲ್ಲ. ಮುಂದೆ ಈ ತೋಟ ನೋಡಿಕೊಳ್ಳುವವರು ಓದಲಿ.

ನಮ್ಮ ಹಿರಿಯ ಸದಸ್ಯರಿಗೆ ಈಗ ಹೇಳುತ್ತೇವೆ: ಮೊಮ್ಮಕ್ಕಳನ್ನು ಖಂಡಿತ ಕರೆಸಿಕೊಳ್ಳಿ. ನಡೆದು ನೋಡದ ಮಕ್ಕಳಿಗೆ ತೋಟ ತಮ್ಮದಾಗುವುದಿಲ್ಲ. ಆದರೆ ಕರೆಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಹೊಂಡ, ಔಷಧಿ ಕೋಣೆ, ಪಂಪ್‌ಶೆಡ್ಡು ಮೂರನ್ನೂ ನೋಡಿ. ಸೊಸೆಗೆ ಬೇಲಿ ತೋರಿಸಿ, ಮಾತು ತಾನಾಗಿ ಮುಗಿಯುತ್ತದೆ. ತಂತಿಬಲೆ ತಂದು ಗೋದಾಮಿನಲ್ಲಿ ಇಟ್ಟಿರುವ ಸದಸ್ಯರು ನಮ್ಮಂತೆ ಇನ್ನೂ ಕೆಲವರು ಇರಬಹುದು. ದಯವಿಟ್ಟು ಈ ವಾರವೇ ಬಿಚ್ಚಿ.