ಬುದ್ಧ ಕಾಣುವ ಜಾಗ

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ‘ಮನಿ ಜಿಪಿಎಸ್ ಆಗ್ಯಾದೇನ್ರಿ?’ ಎಂದು ಕೇಳಿದರೆ ಅದು ಉಪಗ್ರಹದ ಮಾತಲ್ಲ. ವಸತಿ ಯೋಜನೆಯ ಮನೆ ಬುನಾದಿಗೋ ಛಾವಣಿಗೋ ಬಂದಾಗ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಾಗದ ಗುರುತಿರುವ ಫೋಟೊ ಹೊಡೆದುಕೊಂಡು ಹೋದರೇ ಎಂಬ ವಿಚಾರಣೆ. ಆ ಫೋಟೊ ಏರಿದ ಮೇಲೆಯೇ ಕಂತಿನ ಹಣ. ಜಾತ್ರೆ, ಮದುವೆ, ಮಗುವಿನ ಜವಳದ ಫೋಟೊಗಳಲ್ಲೂ, ಲೊಕೇಶನ್ ಆನ್ ಇದ್ದರೆ, ಅದೇ ಗುರುತು ಸದ್ದಿಲ್ಲದೆ ಕೂತಿರುತ್ತದೆ.

ಡಿಜಿಟಲ್ ಚಿತ್ರದ ಬೆನ್ನಿಗೆ ಕಣ್ಣಿಗೆ ಬೀಳದ ಚೀಟಿಯೊಂದಿದೆ. ಹೆಸರು ಎಕ್ಸಿಫ್, 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ನಮೂನೆ. ದಿನಾಂಕ, ಕ್ಯಾಮೆರಾದ ಮಾದರಿಗಳ ಜೊತೆ ಅಕ್ಷಾಂಶ, ರೇಖಾಂಶಗಳಿಗೂ ಅದರಲ್ಲಿ ಅಂಕಣಗಳಿವೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಹಿಡಿದು, ಅವು ಬಂದು ಮುಟ್ಟಿದ ಸಮಯದಿಂದ ಮೊಬೈಲು ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಇದೇ ಜಿಲ್ಲೆಯ ಶಹಾಪುರವಾದರೆ ಹೆಚ್ಚುಕಡಿಮೆ 16 ಡಿಗ್ರಿ 42 ಮಿನಿಟು ಉತ್ತರ, 76 ಡಿಗ್ರಿ 50 ಮಿನಿಟು ಪೂರ್ವ. ಮಿನಿಟಿಗೂ ಕಿರಿದಾದ ಒಂದು ಸೆಕೆಂಡೆಂದರೆ ನೆಲದ ಮೇಲೆ ಸುಮಾರು 30 ಮೀಟರು.

ಜಿಪಿಎಸ್ ಇಲ್ಲದ ಕ್ಯಾಮೆರಾಗೂ ಉಪಾಯವಿದೆ. ಜೇಬಿನ ಮೊಬೈಲು ಸಾಗಿದ ದಾರಿಯನ್ನು ಹೊತ್ತಿನ ಸಮೇತ ಬರೆದಿಟ್ಟರೆ, ಫೋಟೊದ ಸಮಯವನ್ನು ಅದಕ್ಕೆ ತಾಳೆ ನೋಡಿ ತಂತ್ರಾಂಶವೇ ಜಾಗ ತುಂಬುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಿರಬೇಕು, ಅಷ್ಟೆ. ಶಹಾಪುರದಿಂದ ಸುರಪುರಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟ ಬಸ್ಸಿನ ಕಿಟಕಿಯಿಂದ ತೆಗೆದ ಚಿತ್ರ, ಗಡಿಯಾರ 5 ನಿಮಿಷ ಹಿಂದಿದ್ದರೆ, 5 ಕಿ.ಮೀ. ಹಿಂದಿನ ಹೊಲಕ್ಕೆ ಹೋಗಿ ಕೂರುತ್ತದೆ. ದಾರಿಯ ದಾಖಲೆ ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿರುವುದರಿಂದ ನಮ್ಮ ಐದೂವರೆ ಗಂಟೆಯ ಅಂತರವನ್ನು ಮರೆತರಂತೂ ಕೇಳುವುದೇ ಬೇಡ.

ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಈ ಚೀಟಿ ಉದುರಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮನೆಯ ವಿಳಾಸವೂ ಜೊತೆಗೆ ಹೊರಟಂತೆ.

ಎಷ್ಟು ನಿಖರವಾದರೂ ಚೀಟಿ ಹೇಳುವುದು ಕ್ಯಾಮೆರಾ ಇದ್ದ ಜಾಗವನ್ನೇ ಹೊರತು ಚಿತ್ರದಲ್ಲಿರುವುದರ ಜಾಗವನ್ನಲ್ಲ. ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕಿಂತ ಇದಕ್ಕೆ ಒಳ್ಳೆಯ ಉದಾಹರಣೆ ಸಿಗಲಾರದು. ದೂರದಲ್ಲಿ, ಸರಿಯಾದ ಕಡೆ ನಿಂತರೆ ಸಾಲು ಗುಡ್ಡಗಳು ಒಂದಕ್ಕೊಂದು ಕೂಡಿ ಅಂಗಾತ ಮಲಗಿದ ಬುದ್ಧನಾಗುತ್ತವೆ. ದಿಕ್ಕು ಬದಲಿಸಿದರೆ ಬರೀ ಬಂಡೆ. ಕ್ಯಾಮೆರಾ ಮುಖ ಮಾಡಿದ ದಿಕ್ಕಿಗೂ ಎಕ್ಸಿಫ್‌ನಲ್ಲಿ ಅಂಕಣವಿದ್ದು, ಮೊಬೈಲಿನ ದಿಕ್ಸೂಚಿ ಅದನ್ನು ತುಂಬಬಲ್ಲದು. ಹತ್ತಿರದ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ನಿಲ್ಲಿಸಿದ ಕಲ್ಲುಸಾಲುಗಳ ಫೋಟೊಗೆ ದಿಕ್ಕೇ ಮುಖ್ಯ. ಆ ಸಾಲುಗಳಿಗೂ ಸೂರ್ಯ ಹುಟ್ಟುವ ದಿಕ್ಕುಗಳಿಗೂ ನಂಟಿದೆಯೇ ಎಂದು ಖಗೋಳ ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಹಳೆಯ ಆಲ್ಬಮಿನ ಚಿತ್ರಕ್ಕೆ ಚೀಟಿಯೇ ಇರುವುದಿಲ್ಲ. ಸ್ಕ್ಯಾನ್ ಮಾಡಿ, ನಕ್ಷೆಯ ಮೇಲೆ ಕೈಯಾರೆ ಗುರುತು ಇಡಬೇಕು. ಅದು ಬುದ್ಧನ ಬೆಟ್ಟದ್ದಾದರೆ ಬೆಟ್ಟದ ನೆತ್ತಿಗೆ ಗುರುತಿಟ್ಟು ಪ್ರಯೋಜನವಿಲ್ಲ. ಫೋಟೊ ಕೈಯಲ್ಲಿ ಹಿಡಿದು ರಸ್ತೆಗುಂಟ ನಡೆದು, ಗುಡ್ಡಗಳು ಅದರಲ್ಲಿದ್ದ ಹಾಗೆಯೇ ಒಂದರ ಹಿಂದೊಂದು ಕೂಡಿದ ಕಡೆ ನಿಂತು ಮೊಬೈಲು ತೋರಿಸುವ ಅಂಕಿಗಳನ್ನು ಬರೆದುಕೊಳ್ಳಬೇಕು. ಗುಡ್ಡ ದೂರವಿದ್ದಷ್ಟೂ ಈ ಅಳತೆ ಸಡಿಲ. ಹತ್ತಾರು ಮೀಟರು ಆಚೀಚೆ ಆದೀತು.