ರಿಪೋರ್ಟಲ್ಲಿ '2+' ಅಂದ್ರೆ ಎರಡನೇ ಸ್ಟೇಜ್ ಅಲ್ಲ

ನಂಜನಗೂಡಿನ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಅಮ್ಮನ ಎದೆ ಗಂಟಿನ ರಿಪೋರ್ಟ್ ಬಂತು. ಹರ್-2, ಟೂ ಪ್ಲಸ್ ಅಂತಿದೆ. ಎರಡನೇ ಸ್ಟೇಜಾ?"

ಅಲ್ಲ. ಗಂಟು ಎಷ್ಟು ದೊಡ್ಡದು, ಎಲ್ಲಿವರೆಗೆ ಹರಡಿದೆ ಅನ್ನೋದು ಸ್ಟೇಜ್. ಇದು ಬೇರೆ ಲೆಕ್ಕ.

ಹರ್-2 ಅನ್ನೋದು ಜೀವಕೋಶದ ಹೊರಪೊರೆಯಲ್ಲಿರುವ ಒಂದು ಪ್ರೋಟೀನ್. 'ಬೆಳಿ, ಎರಡಾಗು' ಅಂತ ಕೋಶದೊಳಕ್ಕೆ ಸಂದೇಶ ಕಳಿಸೋದು ಇದರ ಕೆಲಸ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 15ರಿಂದ 20ರಷ್ಟರಲ್ಲಿ ಇದು ವಿಪರೀತ ಹೆಚ್ಚಿರುತ್ತೆ. ಆಗ ಸಂದೇಶ ನಿಲ್ಲೋದೇ ಇಲ್ಲ.

ಮೈಕ್ರೋಸ್ಕೋಪಲ್ಲಿ ಇದು ತಾನಾಗಿ ಕಾಣಲ್ಲ. ಅದಕ್ಕೇ ಲ್ಯಾಬಿನವರು ಆಂಟಿಬಾಡಿ ಹಾಕ್ತಾರೆ. ನಂಜನಗೂಡಿನ ದೊಡ್ಡ ಜಾತ್ರೆಯ ಜನಜಂಗುಳಿಯಲ್ಲೂ ಒಬ್ಬರನ್ನೇ ಗುರುತಿಸಿ ಕೈ ಹಿಡಿಯೋ ನೆಂಟರಿರ್ತಾರಲ್ಲ, ಹಾಗೆ ಅದು ಹರ್-2ಗೆ ಮಾತ್ರ ಅಂಟುತ್ತೆ. ಅಂಟಿದ ಕಡೆ ಕಂದು ಬಣ್ಣ ಬರೋ ಹಾಗೆ ಮಾಡ್ತಾರೆ. 0, 1+ ಬಂದ್ರೆ ನೆಗೆಟಿವ್. ಕೋಶದ ಸುತ್ತ ಗಾಢವಾದ ಕಂದು ಅಂಚು ಕಂಡ್ರೆ 3+, ಪಾಸಿಟಿವ್. 2+ ಅಂದ್ರೆ ಬಣ್ಣ ನೋಡಿ ತೀರ್ಮಾನ ಹೇಳೋಕಾಗಲ್ಲ ಅಂತ. ಆಗ 'ಫಿಶ್' ಅನ್ನೋ ಟೆಸ್ಟಲ್ಲಿ (ಮೀನಿಗೂ ಇದಕ್ಕೂ ಸಂಬಂಧ ಇಲ್ಲ) ಹರ್-2 ಜೀನಿನ ಪ್ರತಿಗಳನ್ನ ಎಣಿಸ್ತಾರೆ.

ಇಷ್ಟೆಲ್ಲ ಯಾಕೆ? ಟ್ರಾಸ್ಟುಜುಮಾಬ್ ಅನ್ನೋ ಔಷಧಿಗೋಸ್ಕರ. ಇದೂ ಒಂದು ಆಂಟಿಬಾಡಿಯೇ, ಹರ್-2ಗೇ ಅಂಟುತ್ತೆ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು; ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರನ್ನ ಭಾರತದಲ್ಲಿ ಬಿಡುಗಡೆ ಮಾಡಿತು. ಪಾಸಿಟಿವ್ ಇದ್ದವರಿಗೆ ಇದು ತಪ್ಪಿಹೋದ್ರೆ ದೊಡ್ಡ ನಷ್ಟ. ಬೇಡದವರಿಗೆ ಕೊಟ್ರೆ ದುಡ್ಡು ದಂಡ, ಮೇಲಾಗಿ ಹೃದಯಕ್ಕೆ ತೊಂದರೆ ಆಗಬಹುದು. ಶುರು ಮಾಡೋ ಮುಂಚೆ ಎಕೋ ಮಾಡಿಸೋದು ಅದಕ್ಕೇ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ನಂಜನಗೂಡಲ್ಲೋ ಟಿ. ನರಸೀಪುರದಲ್ಲೋ ತೆಗೆದ ಗಂಟಿನ ತುಂಡನ್ನ ಮೈಸೂರಿನ ಲ್ಯಾಬಿಗೆ ಒಯ್ಯಬೇಕು ಅಂತಿಟ್ಕೊಳ್ಳಿ. ಬಸ್ಸಿನ ಒಂದು ಗಂಟೆ ದಾರಿ ಸಮಸ್ಯೆ ಅಲ್ಲ. ಬಾಟಲಿಯಲ್ಲಿ ಏನಿದೆ ಅನ್ನೋದು ಸಮಸ್ಯೆ. ತುಂಡು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಬರೀ ಸಲೈನಲ್ಲಿ ಇಟ್ರೆ ಪ್ರೋಟೀನ್ ಕೆಡುತ್ತಾ ಹೋಗುತ್ತೆ; ಎಂಥ ಒಳ್ಳೆ ಆಂಟಿಬಾಡಿ ಹಾಕಿದ್ರೂ ಹಿಡಿಯೋಕೆ ಏನೂ ಉಳಿದಿರಲ್ಲ, ಪಾಸಿಟಿವ್ ಇದ್ದದ್ದೂ ನೆಗೆಟಿವ್ ಅಂತ ಬರಬಹುದು. ಫ್ರಿಜ್ಜಲ್ಲಿಡೋದು ಫಾರ್ಮಲಿನ್‌ಗೆ ಬದಲಿ ಅಲ್ಲ. ಬಾಟಲಿ ಕೈಗೆ ಕೊಟ್ಟಾಗ ಕೇಳಿ: "ಸಿಸ್ಟರ್, ಇದು ಫಾರ್ಮಲಿನ್ನಾ? ಎಷ್ಟು ಗಂಟೆಗೆ ಹಾಕಿದ್ರಿ?" ಆ ಟೈಮನ್ನ ಬಾಟಲಿ ಮೇಲೇ ಬರೆಸಿ.

ನಂಜನಗೂಡಿನ ಸ್ನೇಹಿತರೇ, ಫಿಶ್ ಟೆಸ್ಟಿಗೆ ಸಾಮಾನ್ಯವಾಗಿ ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಮೊದಲಿನ ತುಂಡನ್ನ ಲ್ಯಾಬಿನವರು ಮೇಣದ ಬ್ಲಾಕ್ ಮಾಡಿ ಇಟ್ಟಿರ್ತಾರೆ. ಡಾಕ್ಟರ ಚೀಟಿ ತಗೊಂಡು ಹೋಗಿ, ಆ ಬ್ಲಾಕನ್ನೇ ಕೇಳಿ.